ಗುಳ್ಳೆ ಸೇರದ ಬಾಟಲಿ: ಬಾಗಲಕೋಟೆಯಿಂದ ಕಡಲಿಗೆ ಎಂಟು ದಿನ

ಮೊದಲ ದಿನ: ಹಿನ್ನೀರು

ಬನ್ನಿ ಹಬ್ಬ ಮುಗಿದ ನಾಲ್ಕನೆಯ ದಿನ ಬೆಳಗಿನ ಏಳು ಗಂಟೆಗೆ, ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಪಾತ್ರವನ್ನು ತುಂಬಿಕೊಂಡು ಹಳೆ ಬಾಗಲಕೋಟೆಯ ಅಂಚಿಗೆ ಬಂದು ನಿಂತಿರುವ ದಂಡೆಯಲ್ಲಿ ನಾವು ಏಳು ಜನ ಒಂದು ಹರಿಗೋಲಿನ ಬಾಡಿಗೆ ಮಾತನಾಡುತ್ತಿದ್ದೆವು. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವನು. ಉಳಿದ ಆರು ಮಂದಿ ನನ್ನ ವಿದ್ಯಾರ್ಥಿಗಳು, ಮೂವರು ಹುಡುಗಿಯರು ಮತ್ತು ಮೂವರು ಹುಡುಗರು. ಇನ್ನು ಮೂರು ದಿನಕ್ಕೆ ಇವರು ಗೋವೆಯ ಬಂದರಿನಿಂದ ಒಂದು ಸಂಶೋಧನಾ ಹಡಗು ಹತ್ತಿ, ಎಳೆಯ ಸಾಗರ ವಿಜ್ಞಾನಿಗಳಿಗೆಂದೇ ಏರ್ಪಡಿಸಿದ ತರಬೇತಿ ಯಾನದಲ್ಲಿ ಪಾಲ್ಗೊಳ್ಳಬೇಕಾಗಿತ್ತು. ಆರು ಮಂದಿಯಲ್ಲಿ ಐವರು ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ.

ಕಡಲಿಲ್ಲದ ಜಿಲ್ಲೆಯ ಮಕ್ಕಳಿಗೆ ಕಡಲಿನ ವಿಜ್ಞಾನ ಏಕೆ ಎಂದು ನನ್ನ ಸಹೋದ್ಯೋಗಿಗಳೇ ಕೇಳಿದ್ದರು. ಹುಡುಗಿಯರ ಮನೆಗಳಲ್ಲಿ ಕೇಳಿದ ಪ್ರಶ್ನೆ ಬೇರೆ: ರಾತ್ರಿ ಹಡಗು ಎಲ್ಲಿ ನಿಲ್ಲುತ್ತದೆ? ನಿಲ್ಲುವುದಿಲ್ಲ, ರಾತ್ರಿಯೂ ಕೆಲಸ ಇರುತ್ತದೆ ಎಂದು ಉತ್ತರಿಸಿ ಒಪ್ಪಿಗೆಯ ಸಹಿ ಪಡೆಯುವುದಕ್ಕೆ ನನಗೆ ಮೂರು ವಾರ ಹಿಡಿಯಿತು.

ಉಪ್ಪುನೀರಿಗೆ ಇಳಿಯುವ ಮುನ್ನ ಸಿಹಿನೀರಿನಲ್ಲಿ ಕೈ ಪಳಗಲಿ ಎಂದುಕೊಂಡು ನಾನು ಒಂದು ಸೆಕ್ಕಿ ತಟ್ಟೆ ಮಾಡಿಸಿದ್ದೆ. ಹಳೆಯ ಡಬ್ಬಿಯ ಮುಚ್ಚಳವನ್ನು 20 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ನಾಲ್ಕು ಭಾಗ ಮಾಡಿ, ಕಪ್ಪು ಬಿಳುಪು ಬಣ್ಣ ಬಳಿದು, ಕೆಳಗೆ ಭಾರ ಕಟ್ಟಿ ಹಗ್ಗದಲ್ಲಿ ಇಳಿಬಿಡುವ ಸರಳ ಸಾಧನ ಇದು. ತಟ್ಟೆ ಕಣ್ಣಿಗೆ ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ 1865ರಲ್ಲಿ ಪೋಪರ ಹಡಗಿನಿಂದ ಮೆಡಿಟರೇನಿಯನ್ನಿನಲ್ಲಿ ಬಿಳಿ ತಟ್ಟೆ ಇಳಿಸಿ ನೋಡಿದಂದಿನಿಂದ ಇಂದಿನವರೆಗೂ ಇದು ಬಳಕೆಯಲ್ಲಿ ಉಳಿದಿದೆ.

ಹಗ್ಗಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಗಂಟು ಹಾಕುವ ಕೆಲಸವನ್ನು ಬೀಳಗಿಯ ಕಡೆಯ ಹುಡುಗಿ ತಾನಾಗಿ ಎತ್ತಿಕೊಂಡಳು. ಬಾವಿಯ ಹಗ್ಗ ಹಿಡಿದು ಬೆಳೆದ ಕೈ. ಅವಳು ಹಾಕಿದ ಗಂಟು ಒದ್ದೆಯಾದ ಮೇಲೆ ಬಿಗಿಯಿತೇ ಹೊರತು ಜಾರಲಿಲ್ಲ. ಮುಳುಗಡೆಯಾದ ಹಳ್ಳಿಯೊಂದರ ಅಂಬಿಗರ ಮನೆಯ ಹುಡುಗ ಹರಿಗೋಲಿನ ಹುಟ್ಟು ಹಿಡಿದು ಕೂತಿದ್ದವನು ಎರಡನೆಯ ಅಳತೆಗೇ ತಡೆದ: “ಸರ, ಗಾಳಿಗೆ ನಾವು ಸರೀತೇವಿ, ಹಗ್ಗ ಓರೆ ಆಗತದ. ಓರೆ ಹಗ್ಗಾ ಅಳದರ ಆಳ ಜಾಸ್ತಿ ಬರತದ್ರಿ.” ಹಡಗಿನಲ್ಲಿ ತಂತಿಯ ಓರೆಯನ್ನು ಕೋನಮಾಪಕದಿಂದ ಅಳೆದು ಆಳವನ್ನು ತಿದ್ದಿಕೊಳ್ಳುವ ಒಂದು ಪದ್ಧತಿಯೇ ಇದೆ. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವನು ತಂದೆಯ ಬಲೆಯಿಂದ ಕಲಿತಿದ್ದ.

ಮೂವರು ಮೂರು ಸಲ ಇಳಿಸಿದಾಗ 62, 71, 68 ಎಂದು ಬಂತು. ಯಾವುದು ಸರಿ ಎಂದು ಕೇಳಿದರು. ಮೂರನ್ನೂ ಬರೆಯಿರಿ, ಯಾರ ಕಣ್ಣು ಎಂಬುದನ್ನೂ ಬರೆಯಿರಿ ಎಂದೆ.

ನನ್ನ ಒಂದು ಸಂಕೋಚವನ್ನೂ ಇಲ್ಲಿ ಹೇಳಿಬಿಡಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನವನ್ನು ನಾನು ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಕಲಿಸಿದ್ದೇನೆ. ಅದಕ್ಕೆ ಬೇಕಾದ ಮ್ಯಾಂಗನೀಸ್ ಕ್ಲೋರೈಡಿನ ಡಬ್ಬಿ ಅಷ್ಟೂ ವರ್ಷ ಪ್ರಯೋಗಾಲಯದ ಕಪಾಟಿನಲ್ಲಿ ಸೀಲು ಒಡೆಯದೆ ಕೂತಿತ್ತು. ಪರೀಕ್ಷೆಗೆ ಸಮೀಕರಣ ಸಾಕಾಗುತ್ತಿತ್ತು. ನಾನೂ ಅಷ್ಟಕ್ಕೇ ಸುಮ್ಮನಾಗಿದ್ದೆ.

ಎರಡನೆಯ ದಿನ: ಕಲಾದಗಿಯ ಕಲ್ಲು

ಬಾಗಲಕೋಟೆಯಿಂದ ಬೆಳಗಾವಿಗೆ ಹೋಗುವ ದಾರಿಯಲ್ಲಿ ಕಲಾದಗಿ ಸಿಗುತ್ತದೆ. ಇಂದು ದಾಳಿಂಬೆ ಮತ್ತು ಚಿಕ್ಕು ತೋಟಗಳಿಂದ ಹೆಸರಾದ ಈ ಊರು ಬ್ರಿಟಿಷರ ಕಾಲದಲ್ಲಿ ಕೆಲವು ವರ್ಷ ಜಿಲ್ಲಾ ಕೇಂದ್ರವಾಗಿತ್ತು. ಭೂವಿಜ್ಞಾನಿಗಳು ಮಾತ್ರ ಈ ಹೆಸರನ್ನು ಬೇರೊಂದು ಕಾರಣಕ್ಕೆ ನೆನೆಯುತ್ತಾರೆ. ಬಾಗಲಕೋಟೆ, ಲೋಕಾಪುರ, ಬಾದಾಮಿಯ ಸುತ್ತ ಹರಡಿರುವ ಪದರಗಲ್ಲುಗಳ ದೊಡ್ಡ ಗುಂಪಿಗೆ ಕಲಾದಗಿ ಎಂಬ ಹೆಸರೇ ನಿಂತಿದೆ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲೆಗಳ ವಿವರವನ್ನು 1876ರಲ್ಲಿ ಪ್ರಕಟಿಸಿದರು. ಅದೇ 1876ರ ಮೇ ತಿಂಗಳಲ್ಲಿ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು, ಆಧುನಿಕ ಸಾಗರ ವಿಜ್ಞಾನಕ್ಕೆ ಬುನಾದಿ ಎನಿಸಿದ ಮೂರೂವರೆ ವರ್ಷದ ಯಾನವನ್ನು ಮುಗಿಸಿ ಊರಿಗೆ ಮರಳಿತು. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳಿವು. ಆದರೂ ಕಲಾದಗಿಯ ಬಸ್ ನಿಲ್ದಾಣದ ಮುಂದೆ ಚಹ ಕುಡಿಯುತ್ತ ಇದನ್ನು ಹೇಳುವಾಗ ನನಗೆ ಒಂದು ಖುಷಿಯಿತ್ತು.

ಲೋಕಾಪುರದ ಆಚೆ, ಸುಣ್ಣದಕಲ್ಲಿನ ಒಂದು ಹಳೆಯ ಕಡಿತದ ಬಳಿ ಅರ್ಧ ಗಂಟೆ ನಿಂತೆವು. ಕಲ್ಲಿನ ಮೈಮೇಲೆ ಈರುಳ್ಳಿಯನ್ನು ಅಡ್ಡ ಹೆಚ್ಚಿದಾಗ ಕಾಣುವಂತಹ ಸುತ್ತುಗೆರೆಗಳಿದ್ದವು. ನೂರು ಕೋಟಿ ವರ್ಷಗಳಿಗೂ ಹಿಂದೆ, ಇಲ್ಲಿ ಆಳವಿಲ್ಲದ ಸಮುದ್ರವಿದ್ದಾಗ, ನೀಲಿಹಸಿರು ಸೂಕ್ಷ್ಮಜೀವಿಗಳ ಲೋಳೆಪದರ ಕೆಸರನ್ನು ಹಿಡಿದು ಹಿಡಿದು ಕಟ್ಟಿದ ಗುಡ್ಡೆಗಳಿವು, ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಭೂಮಿಯ ಗಾಳಿಗೆ ಆಮ್ಲಜನಕವನ್ನು ಮೊದಲು ತುಂಬಿದ್ದು ಈ ಜಾತಿಯ ಜೀವಿಗಳು. ಬಾದಾಮಿಯ ಹುಡುಗಿ ಬೆರಳಿನಿಂದ ಆ ಗೆರೆಗಳನ್ನು ಸವರುತ್ತ, ತಾವು ಇಷ್ಟು ದಿನ ಇಂತಹ ಕಲ್ಲಿನ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದೆವು ಎಂದಳು.

ರಾತ್ರಿ ಬೆಳಗಾವಿಯಲ್ಲಿ ತಂಗಿದೆವು.

ಮೂರನೆಯ ದಿನ: ನೀರು ಎರಡು ದಾರಿ ಹಿಡಿಯುವ ಜಾಗ

ಬೆಳಗಾವಿಯಿಂದ ಜಾಂಬೋಟಿ ದಾಟಿದ ಮೇಲೆ ಕಾಡು ದಟ್ಟವಾಗುತ್ತ, ಗಾಳಿ ತಂಪಾಗುತ್ತ ಹೋಗುತ್ತದೆ. ಕಣಕುಂಬಿಯಲ್ಲಿ ಮಾವುಲಿ ದೇವಸ್ಥಾನದ ಹತ್ತಿರ ಮಲಪ್ರಭೆಯ ಉಗಮವಿದೆ. ಕಲ್ಲುಕಟ್ಟೆಯ ಕುಂಡದಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟು ನೀರು. ಇದೇ ನೀರು ನವಿಲುತೀರ್ಥದ ಅಣೆಕಟ್ಟು ದಾಟಿ, ಪಟ್ಟದಕಲ್ಲು, ಐಹೊಳೆಗಳನ್ನು ಸವರಿಕೊಂಡು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಇಡೀ ದಖ್ಖನ್ನನ್ನು ಅಡ್ಡ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇದೇ ಖಾನಾಪುರ ತಾಲೂಕಿನ ದೇಗಾಂವದ ಬಳಿ ಹುಟ್ಟುವ ಮಹದಾಯಿ ಮಾತ್ರ ಪಶ್ಚಿಮಕ್ಕೆ ಧುಮುಕಿ, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು, ಪಣಜಿಯ ಮಗ್ಗುಲಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮಳೆ, ಒಂದೇ ಗುಡ್ಡಸಾಲು, ಎರಡು ಕಡಲು. ಈ ನೀರಿನ ಹಂಚಿಕೆಯ ಜಗಳ ನಮ್ಮ ಭಾಗದಲ್ಲಿ ಗೊತ್ತಿಲ್ಲದವರು ಯಾರು? ನಾನು ಆ ಮಾತು ಎತ್ತಲಿಲ್ಲ. ಮುಧೋಳದ ಹುಡುಗ ಕುಂಡದ ನೀರನ್ನು ಒಂದು ಚಿಕ್ಕ ಬಾಟಲಿಯಲ್ಲಿ ತುಂಬಿಕೊಂಡು, ದಿನಾಂಕ ಮತ್ತು ಸಮಯ ಬರೆದು ಚೀಟಿ ಅಂಟಿಸಿದ. ಯಾರೂ ಹೇಳಿರಲಿಲ್ಲ, ಮೊದಲ ದಿನದ ಪಾಠ ಕೈಗೆ ಹತ್ತಿತ್ತು.

ಚೋರ್ಲಾ ಘಟ್ಟ ಇಳಿದು ಮಧ್ಯಾಹ್ನದ ಹೊತ್ತಿಗೆ ಗೋವೆ ಸೇರಿದೆವು. ಮಾಂಡೋವಿ ಮತ್ತು ಝುವಾರಿ ನದಿಗಳ ನಡುವೆ ಚಾಚಿಕೊಂಡ ದೋನಾ ಪಾವ್ಲಾದ ದಿಬ್ಬದ ಮೇಲೆ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. 1966ರ ಜನವರಿ 1ರಂದು ಹುಟ್ಟಿದ ಈ ಸಂಸ್ಥೆಯ ಬೇರು ಅದಕ್ಕೂ ಹಿಂದಿನ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿದೆ. 1959ರಿಂದ 1965ರವರೆಗೆ ಹಲವು ದೇಶಗಳ ನಲವತ್ತಕ್ಕೂ ಹೆಚ್ಚು ಹಡಗುಗಳು ಈ ಸಾಗರವನ್ನು ಅಳೆದಾಗ, ಅವುಗಳ ಮೇಲೆ ಕೆಲಸ ಮಾಡಿದ ಭಾರತದ ತರುಣರೇ ಮುಂದೆ ಇಲ್ಲಿ ಈ ವಿಜ್ಞಾನವನ್ನು ಕಟ್ಟಿದರು. ಆಗ ನಮ್ಮಲ್ಲಿ ಇದಕ್ಕೆಂದೇ ಸಜ್ಜಾದ ಹಡಗು ಇರಲಿಲ್ಲ. 1976ರಲ್ಲಿ ಗವೇಷಣಿ ಬಂತು, 1983ರಲ್ಲಿ ಸಾಗರ ಕನ್ಯಾ, 2014ರಲ್ಲಿ ಸಿಂಧು ಸಾಧನಾ. ಹಿಂದೂ ಮಹಾಸಾಗರದ ಎರಡನೆಯ ಯಾನಕ್ಕೆ ಚಾಲನೆ ದೊರೆತದ್ದೂ 2015ರ ಡಿಸೆಂಬರಿನಲ್ಲಿ, ಗೋವೆಯಿಂದಲೇ. ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹಡಗುಗಳ ಹೆಸರಲ್ಲ. ಮೊದಲ ಪೀಳಿಗೆಯ ಅನೇಕರು ಹಡಗಿನಲ್ಲೇ ಸಾಗರ ವಿಜ್ಞಾನಿಗಳಾದರು ಎಂಬುದು.

ಸಂಜೆ ನಮ್ಮ ಯಾನದ ಮುಖ್ಯ ವಿಜ್ಞಾನಿಯನ್ನು ಕಂಡೆವು. ಕಾರವಾರದ ಕಡೆಯ ಮಹಿಳೆ, ಕನ್ನಡ ಬಲ್ಲವರು. ಹುಡುಗಿಯರ ಮುಖ ಅರಳಿತು. ಅವರು ಹೇಳಿದ ಮೊದಲ ಮಾತು ಚಪ್ಪಲಿ ಹಾಕಿಕೊಂಡು ಡೆಕ್ಕಿಗೆ ಬರಬಾರದು ಎಂಬುದು. ಎರಡನೆಯದು, ಪಾಠಕ್ಕೆಂದು ಬೇರೆ ಅಳತೆ, ಸಂಶೋಧನೆಗೆಂದು ಬೇರೆ ಅಳತೆ ಈ ಹಡಗಿನಲ್ಲಿ ಇಲ್ಲ ಎಂಬುದು. “ನೀವು ಬರೆಯುವ ಅಂಕಿಯನ್ನು ನಾವು ಬಳಸುತ್ತೇವೆ. ತಪ್ಪು ಬರೆದರೆ ನಮ್ಮ ಲೆಕ್ಕ ತಪ್ಪುತ್ತದೆ.” ಯುನೆಸ್ಕೊದ ಅಂತರ ಸರ್ಕಾರಿ ಸಾಗರ ಆಯೋಗ 1991ರಲ್ಲಿ ಸಂಶೋಧನೆಯ ಮೂಲಕ ತರಬೇತಿ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರಗಳಿಗೆ ವಿದ್ಯಾರ್ಥಿಗಳನ್ನು ವಿಜ್ಞಾನಿಗಳ ಜೊತೆಯಲ್ಲೇ ಕರೆದೊಯ್ದದ್ದು ಇದೇ ನಂಬಿಕೆಯಿಂದ. ಅದನ್ನು ತೇಲುವ ವಿಶ್ವವಿದ್ಯಾಲಯ ಎಂದೂ ಕರೆಯುತ್ತಿದ್ದರು.

ನಾಲ್ಕನೆಯ ದಿನ: ಬಂದರು ಬಿಟ್ಟದ್ದು

ಮುರಗಾಂವ್ ಬಂದರಿನಿಂದ ಹೊರಟಾಗ ಹತ್ತು ಗಂಟೆ. ಹೊರಟ ಅರ್ಧ ತಾಸಿಗೇ ಏಳು ಸಣ್ಣ ಕೂಗು, ಒಂದು ಉದ್ದ ಕೂಗು ಕೇಳಿಸಿತು. ಅಪಾಯದ ಸಂಕೇತದ ಕವಾಯತು. ಜೀವರಕ್ಷಕ ಜಾಕೆಟ್ಟಿನ ಪಟ್ಟಿಗಳನ್ನು ಕಣ್ಣು ಮುಚ್ಚಿಕೊಂಡು ಕಟ್ಟಿಕೊಳ್ಳುವವರೆಗೂ ಯಾರನ್ನೂ ಬಿಡಲಿಲ್ಲ. ಆಮೇಲೆ ಪಾಳಿ ಹಂಚಿದರು. ನಾಲ್ಕು ತಾಸು ಕೆಲಸ, ಎಂಟು ತಾಸು ಬಿಡುವು, ಮತ್ತೆ ನಾಲ್ಕು ತಾಸು. ಬೀಳಗಿಯವಳಿಗೂ ಅಂಬಿಗರ ಹುಡುಗನಿಗೂ ಬೆಳಗಿನ ಜಾವದ ನಾಲ್ಕರಿಂದ ಎಂಟರ ಪಾಳಿ ಬಂತು.

ಮಧ್ಯಾಹ್ನದ ಹೊತ್ತಿಗೆ ಆರರಲ್ಲಿ ನಾಲ್ವರು ಕಟಕಟೆ ಹಿಡಿದು ನಿಂತಿದ್ದರು; ಅವರ ಗುರು ಒಳಗೆ ಮಲಗಿದ್ದರು. ಮಳೆಗಾಲದ ಅಬ್ಬರ ಇಳಿದಿದ್ದರೂ ಉದ್ದನೆಯ ಉಬ್ಬಲೆಗಳು ಪಶ್ಚಿಮದಿಂದ ಬರುತ್ತಲೇ ಇದ್ದವು. ಹಡಗಿನ ಅಡುಗೆಯವರು ಬಂದು ನೋಡಿ, ಹೊಟ್ಟೆ ಖಾಲಿ ಇಟ್ಟರೆ ಇನ್ನೂ ಕೆಡುತ್ತದೆ, ಒಣಗಿದ್ದು ಏನಾದರೂ ತಿನ್ನಿ, ದೂರದ ದಿಗಂತ ನೋಡುತ್ತ ನಿಲ್ಲಿ ಎಂದರು. ಒಣಗಿದ್ದಕ್ಕೆ ನಮ್ಮಲ್ಲಿ ಕೊರತೆಯೇ? ಖಡಕ್ ಜೋಳದ ರೊಟ್ಟಿಯ ಎರಡು ಕಟ್ಟು ಹೊರಬಂದವು. ಶೇಂಗಾ ಚಟ್ನಿಯನ್ನು ಅಂದು ಯಾರೂ ಮುಟ್ಟಲಿಲ್ಲ. ಅಮೀನಗಡದ ಕರದಂಟು ಮಾತ್ರ ರಾತ್ರಿ ಪಾಳಿಯ ಹಡಗಿನ ಸಿಬ್ಬಂದಿಯ ಪಾಲಾಯಿತು.

ಸಮುದ್ರಬೇನೆಯ ಬಗ್ಗೆ ಪಠ್ಯಪುಸ್ತಕಗಳು ಮೌನವಾಗಿರುತ್ತವೆ. ಆದರೆ ಹೊಟ್ಟೆ ತೊಳಸುತ್ತಿರುವಾಗ ದಾಖಲೆ ಪುಸ್ತಕದಲ್ಲಿ ಅಕ್ಷಾಂಶ, ರೇಖಾಂಶ, ಸಮಯ, ಗಾಳಿಯ ದಿಕ್ಕು ಇಷ್ಟನ್ನು ತಪ್ಪಿಲ್ಲದೆ ಬರೆಯುವುದು ಈ ವೃತ್ತಿಯ ಅರ್ಧ ಭಾಗ ಎಂದು ನನಗೆ ಅಂದು ಅನಿಸಿತು. ಬಾದಾಮಿಯ ಹುಡುಗಿ ಒಂದು ಸಾಲು ಬರೆದು, ಕಟಕಟೆಗೆ ಹೋಗಿ ಬಂದು, ಮುಂದಿನ ಸಾಲು ಬರೆಯುತ್ತಿದ್ದಳು. ಅವಳ ಪುಟದಲ್ಲಿ ಒಂದು ಕಲಮೂ ಖಾಲಿ ಉಳಿದಿರಲಿಲ್ಲ.

ಐದನೆಯ ದಿನ: ಬಿಳಿಯ ಬಾಟಲಿ

ಬೆಳಗಿನ ಜಾವ ಐದು ಗಂಟೆಗೆ ಹಡಗು 50 ಮೀಟರ್ ಆಳದ ಜಾಗದಲ್ಲಿ ನಿಂತಿತು. ನನ್ನ ಹೊಟ್ಟೆ ತಹಬಂದಿಗೆ ಬಂದಿತ್ತು. ನಾನೂ ಡೆಕ್ಕಿಗೆ ಹೋದೆ.

ಸಾಗರ ವಿಜ್ಞಾನಿಗಳ ಮುಖ್ಯ ಉಪಕರಣ ಸಿಟಿಡಿ. ನೀರಿನ ವಿದ್ಯುತ್ ವಾಹಕತೆ, ಉಷ್ಣತೆ ಮತ್ತು ಆಳವನ್ನು ಇಳಿಯುತ್ತಲೇ ಅಳೆದು ತಂತಿಯ ಮೂಲಕ ಮೇಲಿನ ಪರದೆಗೆ ಕಳಿಸುತ್ತದೆ. ವಾಹಕತೆಯಿಂದ ಉಪ್ಪಿನಂಶದ ಲೆಕ್ಕ ಸಿಗುತ್ತದೆ. ಸುತ್ತಲೂ ಬಳೆಯಾಕಾರದ ಚೌಕಟ್ಟಿನಲ್ಲಿ ಬೂದುಬಣ್ಣದ ಉದ್ದನೆಯ ನಿಸ್ಕಿನ್ ಬಾಟಲಿಗಳು, ಎರಡೂ ತುದಿಯ ಮುಚ್ಚಳ ತೆರೆದು ಬಿಗಿದಿಟ್ಟಂಥವು. ಬೇಕಾದ ಆಳದಲ್ಲಿ ಮೇಲಿನಿಂದ ಆಜ್ಞೆ ಕೊಟ್ಟರೆ ಮುಚ್ಚಳಗಳು ಪಟ್ಟನೆ ಬಿದ್ದು ಆ ಆಳದ ನೀರು ಒಳಗೆ ಸೆರೆಯಾಗುತ್ತದೆ. ಇಳಿಸುವ ಮುನ್ನ ಪ್ರತಿ ಬಾಟಲಿಯ ಮೇಲಿನ ಗಾಳಿತಿರುಪು ಮುಚ್ಚಿದೆಯೇ, ಕೆಳಗಿನ ನಲ್ಲಿ ಬಂದಾಗಿದೆಯೇ ಎಂದು ಅಂಬಿಗರ ಹುಡುಗ ಮುಟ್ಟಿ ಮುಟ್ಟಿ ನೋಡಿದ. ಒಂದು ತಿರುಪು ಸಡಿಲವಿತ್ತು. ಅದು ಹಾಗೆಯೇ ಇಳಿದಿದ್ದರೆ ಆ ಬಾಟಲಿಯ ನೀರು ದಾರಿಯುದ್ದಕ್ಕೂ ಸೋರಿ ಬೆರೆತು ಬರುತ್ತಿತ್ತು.

ಪರದೆಯ ಮೇಲೆ ಗೆರೆಗಳು ಮೂಡಿದವು. ಮೇಲ್ಮೈಯಲ್ಲಿ 29 ಡಿಗ್ರಿ ಇದ್ದ ನೀರು ತಳದಲ್ಲಿ 22ಕ್ಕೆ ಇಳಿದಿತ್ತು. ಉಪ್ಪು ಮೇಲಿನ ಕೆಲವೇ ಮೀಟರುಗಳಲ್ಲಿ ಕಡಿಮೆ ಇದ್ದು, ಅಲ್ಲಿಂದ ಕೆಳಗೆ ಒಮ್ಮೆಗೇ ಏರಿ, ಸಾವಿರ ಗ್ರಾಂ ನೀರಿಗೆ 35 ಗ್ರಾಂ ಎಂಬ ಸಾಮಾನ್ಯ ಕಡಲಿನ ಮಟ್ಟ ಮುಟ್ಟಿತ್ತು. ಆಮ್ಲಜನಕದ ಗೆರೆಯೋ, ಆ ಅಂಚಿನಿಂದ ಕೆಳಗೆ ಸೊನ್ನೆಯ ಕಡೆಗೆ ಬಾಗಿತ್ತು.

ಉಪಕರಣದ ಸಂವೇದಕ ಹೇಳಿದ್ದನ್ನು ನಂಬಬಾರದು, ಬಾಟಲಿಯ ನೀರಿನಿಂದ ಪರೀಕ್ಷಿಸಿಯೇ ಒಪ್ಪಿಕೊಳ್ಳಬೇಕು. ಅದಕ್ಕಾಗಿಯೇ 1888ರ ವಿಂಕ್ಲರ್ ವಿಧಾನ ಇಂದಿಗೂ ಹಡಗುಗಳಲ್ಲಿ ಉಳಿದಿದೆ. ನಿಸ್ಕಿನ್ ಬಾಟಲಿ ಮೇಲೆ ಬಂದೊಡನೆ ಎಲ್ಲಕ್ಕಿಂತ ಮೊದಲು ಆಮ್ಲಜನಕದ ಮಾದರಿ ತೆಗೆಯಬೇಕು, ಏಕೆಂದರೆ ತಡಮಾಡಿದಷ್ಟೂ ಗಾಳಿ ಸೇರುತ್ತದೆ. ಬೀಳಗಿಯ ಹುಡುಗಿ ರಬ್ಬರ್ ನಳಿಗೆಯನ್ನು ನಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಾಜಿನ ಬಾಟಲಿಯ ತಳಕ್ಕೆ ಮುಟ್ಟಿಸಿ, ನೀರು ಉಕ್ಕಿ ಮೂರು ಸಲ ಬಾಟಲಿ ತುಂಬುವಷ್ಟು ಹೊರಚೆಲ್ಲುವವರೆಗೆ ಕಾದು, ನಳಿಗೆಯನ್ನು ಮೆಲ್ಲನೆ ಹೊರತೆಗೆದಳು. ಒಂದು ಮಿಲಿಲೀಟರ್ ಮ್ಯಾಂಗನೀಸ್ ಕ್ಲೋರೈಡ್, ಒಂದು ಮಿಲಿಲೀಟರ್ ಕ್ಷಾರೀಯ ಅಯೊಡೈಡ್, ಎರಡನ್ನೂ ನೀರಿನ ಒಳಗೇ ಬಿಟ್ಟು ಗಾಜಿನ ಬಿರಡೆ ಒತ್ತಿ ಅಲುಗಾಡಿಸಿದಳು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಮೂಡುತ್ತದೆ. ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಉಳಿಯುತ್ತದೆ. ಇಷ್ಟನ್ನು ನಾನು ಹನ್ನೊಂದು ವರ್ಷ ಬಾಯಲ್ಲಿ ಹೇಳಿದ್ದೇನೆ.

ಮೇಲ್ಮೈ ನೀರಿನ ಬಾಟಲಿ ಬೆಲ್ಲದ ಪಾಕದಂತೆ ಗಾಢವಾಯಿತು. ತಳದ ನೀರಿನದು ತೆಳುಗಂದು.

ಮುಖ್ಯ ವಿಜ್ಞಾನಿ ಪರದೆಯತ್ತ ನೋಡಿದರು, ಬಾಟಲಿಯತ್ತ ನೋಡಿದರು. ಸಂವೇದಕ ಹೆಚ್ಚುಕಡಿಮೆ ಸೊನ್ನೆ ಎನ್ನುತ್ತಿದೆ, ಬಾಟಲಿ ಇಲ್ಲ ಎನ್ನುತ್ತಿದೆ; ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕೇಳಿದರು. ಗದರಲಿಲ್ಲ. ಹುಡುಗಿ ಬಾಟಲಿಯನ್ನು ದೀಪಕ್ಕೆ ಹಿಡಿದು ತಿರುಗಿಸುತ್ತ ತಿರುಗಿಸುತ್ತ ನಿಂತಳು. ಬಿರಡೆಯ ಕೊರಳಿನ ಕೆಳಗೆ, ಗಾಜು ಬಾಗುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ದೊಡ್ಡದೊಂದು ಗುಳ್ಳೆ ಅಂಟಿಕೊಂಡಿತ್ತು. “ಮೇಡಂ, ಇದರಾಗ ಗಾಳಿ ಐತ್ರಿ,” ಎಂದಳು. ಹಡಗು ಓಲಾಡಿದಾಗ ನಳಿಗೆ ಒಂದು ಕ್ಷಣ ಮಡಚಿಕೊಂಡು, ಮತ್ತೆ ಬಿಟ್ಟುಕೊಂಡಾಗ ಗಾಳಿಯನ್ನು ಎಳೆದುಕೊಂಡಿತ್ತು.

ಅವಳು ದಾಖಲೆ ಪುಸ್ತಕದ ಆ ಸಾಲನ್ನು ರಬ್ಬರಿನಿಂದ ಅಳಿಸಲು ಹೋದಳು. ಅಳಿಸುವಂತಿಲ್ಲ, ಒಂದೇ ಗೆರೆ ಹೊಡೆದು, ಕೆಳಗಿನ ಅಕ್ಷರ ಓದುವಂತೆ ಬಿಟ್ಟು, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಬೇಕು ಎಂದು ಹೇಳಿಕೊಟ್ಟರು. “ಗುಳ್ಳೆ ಸೇರಿದೆ” ಎಂದು ಅವಳು ಕನ್ನಡದಲ್ಲೇ ಬರೆದಳು. ನಿಸ್ಕಿನ್ನಿನಲ್ಲಿ ಇನ್ನೂ ನೀರಿತ್ತಾದರೂ ಅದಕ್ಕೆ ಈಗಾಗಲೇ ಗಾಳಿ ತಾಗಿತ್ತು. ಹಾಗಾಗಿ ಅದೇ ಆಳದಲ್ಲಿ ಮುಚ್ಚಿದ, ಇನ್ನೂ ನಲ್ಲಿ ತೆರೆಯದ ಎರಡನೆಯ ಬಾಟಲಿಯಿಂದ ಮತ್ತೆ ತೆಗೆಯಬೇಕಾಯಿತು. ಈ ಸಲ ಅವಳು ಮೊಣಕಾಲೂರಿ ಕೂತು, ಬಾಟಲಿಯನ್ನು ತೊಡೆಗೆ ಆನಿಸಿಕೊಂಡು, ಹಡಗಿನ ಓಲಾಟದ ಲಯ ನೋಡಿಕೊಂಡು ನಳಿಗೆ ತೆಗೆದಳು. ದ್ರಾವಣ ಬಿಟ್ಟು ಅಲುಗಾಡಿಸಿದಾಗ ಒಳಗೆ ಮೂಡಿದ ಗಷ್ಟು ಸುಣ್ಣದ ನೀರಿನಂತೆ ಬೆಳ್ಳಗಿತ್ತು. ಡೆಕ್ಕಿನ ಮೇಲೆ ಯಾರೂ ಮಾತನಾಡಲಿಲ್ಲ. ಎಂಟು ಗಂಟೆಗೆ ಪಾಳಿ ಮುಗಿದರೂ ಅವಳು ಪ್ರಯೋಗಾಲಯಕ್ಕೆ ಹೋಗಿ, ಗಂಧಕಾಮ್ಲ ಹಾಕಿ, ಪಿಷ್ಟದ ನೀಲಿ ಬಣ್ಣ ಥಯೊಸಲ್ಫೇಟಿನ ಕೊನೆಯ ಹನಿಗೆ ಮಾಯವಾಗುವುದನ್ನು ಮೇಲ್ಮೈಯ ಬಾಟಲಿಯಲ್ಲಿ ನೋಡಿ ಬಂದಳು. ತಳದ ಬಾಟಲಿಯಲ್ಲಿ ನೀಲಿ ಮೂಡಲೇ ಇಲ್ಲ, ಅಂದರೆ ಅಲ್ಲಿ ಆಮ್ಲಜನಕ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟದ ಮೇಜಿನ ಸುತ್ತ ಕೂತು ಆ ಗೆರೆಗಳ ಅರ್ಥ ಬಿಡಿಸಿದೆವು. ಮಳೆಗಾಲದಲ್ಲಿ ಭಾರತದ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಾದ ನೀರು ಮೇಲೇರಿ ದಂಡೆಯತ್ತ ಹರಿದುಬರುತ್ತದೆ. ಅದೇ ಹೊತ್ತಿಗೆ ಘಟ್ಟದ ಮಳೆನೀರೂ ನದಿಗಳ ನೀರೂ ಸೇರಿ, ಐದರಿಂದ ಹತ್ತು ಮೀಟರ್ ದಪ್ಪದ ಹಗುರವಾದ ಸಿಹಿನೀರಿನ ಪದರ ಮೇಲ್ಮೈಯಲ್ಲಿ ಮುಚ್ಚಳದಂತೆ ಹರಡುತ್ತದೆ. ಗಾಳಿ ಎಷ್ಟೇ ಬೀಸಿದರೂ ಆ ಮುಚ್ಚಳ ಮೇಲಿನ ಆಮ್ಲಜನಕವನ್ನು ಕೆಳಕ್ಕೆ ಸುಲಭವಾಗಿ ಬಿಡುವುದಿಲ್ಲ. ಕೆಳಗೆ ಕೊಳೆಯುವ ಜೀವರಾಶಿ ಇದ್ದಷ್ಟನ್ನೂ ತಿಂದು ಮುಗಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇದು ತೀವ್ರವಾಗುತ್ತದೆ. ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ ಈ ಪಟ್ಟಿ ಸುಮಾರು 1,80,000 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಇಲ್ಲಿಂದ ನೈಟ್ರಸ್ ಆಕ್ಸೈಡ್ ಎಂಬ ಹಸಿರುಮನೆ ಅನಿಲವೂ ಹೆಚ್ಚಾಗಿ ಹೊರಬರುತ್ತದೆ. ಹೊಲಗಳ ಗೊಬ್ಬರ ಕಡಲಿಗೆ ಹರಿದಷ್ಟೂ ಇದು ಬಿಗಡಾಯಿಸಬಹುದೆಂಬ ಎಚ್ಚರಿಕೆಯೂ ಆ ಬರಹದಲ್ಲಿತ್ತು.

ಕಬ್ಬಿನ ಗದ್ದೆಯ ಮಗನಾದ ಮುಧೋಳದವನು ಇಲ್ಲಿ ಸ್ವಲ್ಪ ಸಮಾಧಾನಪಟ್ಟುಕೊಂಡ. “ನಮ್ಮ ಯೂರಿಯಾ ಇಲ್ಲಿ ಬರೂದಿಲ್ಲರಿ, ಘಟಪ್ರಭಾ ಪೂರ್ವಕ್ಕ ಹೋಗತದ.” ಹಾಗಿದ್ದರೆ ಬಂಗಾಳ ಕೊಲ್ಲಿಯ ಯಾನಕ್ಕೆ ನಿನ್ನನ್ನೇ ಮೊದಲು ಕಳಿಸೋಣ ಎಂದರು ಮೇಡಂ. ನನ್ನ ಮನಸ್ಸು ಕಣಕುಂಬಿಯ ಮೇಲಿತ್ತು. ಆ ಮುಚ್ಚಳದ ಒಂದು ಪಾಲು ಅದೇ ಗುಡ್ಡಗಳ ಮಳೆ. ಎರಡು ದಿನದ ಹಿಂದೆ ಬಸ್ಸಿನ ಕಿಟಕಿಯಿಂದ ನೋಡಿದ ನೀರು ಇಲ್ಲಿ ಪರದೆಯ ಮೇಲೆ ಒಂದು ಬಾಗಿದ ಗೆರೆಯಾಗಿ ನಿಂತಿತ್ತು.

ಸಂಜೆ ವ್ಯಾನ್ ವೀನ್ ಗ್ರ್ಯಾಬ್ ಇಳಿಸಿದರು. ಎರಡು ಕಬ್ಬಿಣದ ದವಡೆಗಳು ತಳಕ್ಕೆ ತಾಗಿದೊಡನೆ ಕೆಸರನ್ನು ಕಚ್ಚಿಕೊಂಡು ಬರುತ್ತವೆ. ಬಂದ ಕೆಸರು ನಮ್ಮ ಎರೆಮಣ್ಣಿನಷ್ಟೇ ಕಪ್ಪು, ಕೊಳೆತ ಮೊಟ್ಟೆಯ ಸಣ್ಣ ವಾಸನೆ. ಆರೂ ಜನ ಅದನ್ನು ಬೆರಳಲ್ಲಿ ಹೊಸೆದು ನೋಡಿದರು. ಎರೆನಾಡಿನ ಮಕ್ಕಳಿಗೆ ಮಣ್ಣಿನ ನುಣುಪು ಹೇಳಿಕೊಡಬೇಕಾಗಲಿಲ್ಲ.

ಆರನೆಯ ದಿನ: ಸಾವಿರ ಮೀಟರ್

ರಾತ್ರಿಯಿಡೀ ಪಶ್ಚಿಮಕ್ಕೆ ಸಾಗಿ, ಖಂಡದ ಅಂಚು ದಾಟಿ, ಆಳದ ನೀರಿನ ಮೇಲೆ ಬಂದಿದ್ದೆವು. ಕಡಲಿನ ಬಣ್ಣವೇ ಬೇರೆ. ಸೆಕ್ಕಿ ತಟ್ಟೆಯನ್ನು ಇಲ್ಲಿಯೂ ಇಳಿಸಿದರು, ಹಡಗಿನ ದೊಡ್ಡ ಬಿಳಿ ತಟ್ಟೆ. ಹಿನ್ನೀರಿನಲ್ಲಿ ಮೊಣಕಾಲಿನ ಆಳ ದಾಟುವಷ್ಟರಲ್ಲೇ ಮರೆಯಾಗುತ್ತಿದ್ದದ್ದು ಇಲ್ಲಿ 23 ಮೀಟರಿನವರೆಗೂ ನಾಣ್ಯದಂತೆ ಹೊಳೆಯುತ್ತಿತ್ತು.

ಸಿಟಿಡಿಯನ್ನು ಸಾವಿರ ಮೀಟರಿಗೆ ಇಳಿಸಿ, ನಿಲ್ಲಿಸಿ ನಿಲ್ಲಿಸಿ ಬಾಟಲಿ ಮುಚ್ಚುತ್ತ ಮೇಲೆತ್ತಲು ಹತ್ತಿರ ಹತ್ತಿರ ಒಂದು ತಾಸು ಬೇಕಾಯಿತು. ಕಾಯುವುದು ಈ ಕೆಲಸದ ದೊಡ್ಡ ಭಾಗ. ತಂತಿ ಇಳಿಸಿ ಎತ್ತುವ ಯಂತ್ರವಾದ ವಿಂಚಿನ ಪಕ್ಕದಲ್ಲಿ ನಿಂತು ತಂತಿಯ ಮೇಲೆ ಕಣ್ಣಿಟ್ಟಿರಬೇಕು. ಫೋನು ನೋಡುವಂತಿಲ್ಲ, ನೋಡಿದರೂ ಸಿಗ್ನಲ್ ಇಲ್ಲ. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ನಡುವಿನ ನೀರಿನಲ್ಲಿ ಆಮ್ಲಜನಕ ವರ್ಷವಿಡೀ ತೀರ ಕಡಿಮೆ. ಕರಾವಳಿಯ ಪಟ್ಟಿ ಮಳೆಗಾಲದ ಜೊತೆ ಬಂದು ಹೋಗುವಂಥದ್ದು, ಇದು ಶಾಶ್ವತ. ಬಿಳಿ ಗಷ್ಟಿನ ಬಾಟಲಿಗಳು ಸಾಲಾಗಿ ನಿಂತವು. ಈ ಸಲ ಒಂದರಲ್ಲೂ ಗುಳ್ಳೆ ಇರಲಿಲ್ಲ.

ಹಡಗುಗಳಲ್ಲಿ ಒಂದು ಹಳೆಯ ಆಟವಿದೆ. ಥರ್ಮಾಕೋಲ್ ಲೋಟದ ಮೇಲೆ ಹೆಸರು ಬರೆದು, ಬಲೆಚೀಲದಲ್ಲಿ ಕಟ್ಟಿ ಸಿಟಿಡಿಯ ಜೊತೆ ಇಳಿಬಿಡುವುದು. ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ ಸಾವಿರ ಮೀಟರಿನಲ್ಲಿ ನೂರು ಪಟ್ಟು ಒತ್ತಡ ಬೀಳುತ್ತದೆ. ಹೋದ ಲೋಟ ಆಕಾರ ಕೆಡದೆ, ಸುಮಾರು ಅರ್ಧದಷ್ಟಾಗಿ, ಗಟ್ಟಿಯಾಗಿ ಮೇಲೆ ಬರುತ್ತದೆ. ಬರೆದ ಅಕ್ಷರಗಳೂ ಅಷ್ಟೇ ಕಿರಿದಾಗಿರುತ್ತವೆ. ಅಂಬಿಗರ ಹುಡುಗ ತನ್ನ ಹೆಸರನ್ನು ಬರೆಯದೆ ಮುಳುಗಿದ ತನ್ನ ಊರಿನ ಹೆಸರನ್ನು ಬರೆದಿದ್ದ. ಆ ಲೋಟವನ್ನು ಅವನು ಯಾರ ಕೈಗೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ರಾತ್ರಿ ಪ್ಲವಕಗಳ, ಎಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳ, ಬಲೆ ಎಳೆದರು. ಸೂಕ್ಷ್ಮದರ್ಶಕದ ಕೆಳಗೆ ಜೋಳದ ತೌಡಿನಷ್ಟು ಸಣ್ಣ ಕೋಪೆಪಾಡುಗಳು ಮೀಸೆ ಬೀಸುತ್ತ ಜಿಗಿಯುತ್ತಿದ್ದವು, ಗಾಜಿನಂತಹ ಬಾಣದ ಹುಳುಗಳು ನಡುವೆ ನಿಂತಿದ್ದವು. ಬಲೆ ತೊಳೆದ ನೀರು ಕತ್ತಲೆಯಲ್ಲಿ ಮಿಣಮಿಣ ಎಂದಿತು. ಮಧ್ಯರಾತ್ರಿಯವರೆಗೂ ಎಣಿಸಿದರು.

ಏಳನೆಯ ದಿನ

ಬಂದರಿಗೆ ಮರಳಿದೆವು. ಹಡಗಿನಿಂದ ಇಳಿಯುವ ಮುನ್ನ ಆರೂ ಮಂದಿ ತಮ್ಮ ತಮ್ಮ ಅಂಕಿಗಳನ್ನು ಹತ್ತು ನಿಮಿಷದಲ್ಲಿ ವಿವರಿಸಬೇಕಿತ್ತು. ಬೀಳಗಿಯವಳು ಹೊಡೆದುಹಾಕಿದ ಸಾಲನ್ನೂ ಪರದೆಯ ಮೇಲೆ ತೋರಿಸಿದಳು. ನೆಲದ ಮೇಲೆ ಕಾಲಿಟ್ಟ ಮೇಲೂ ಎರಡು ತಾಸು ನೆಲವೇ ಓಲಾಡಿತು.

ಇಂತಹ ಯಾನಗಳು ಕಡಿಮೆ, ಹಡಗಿನ ಒಂದೊಂದು ದಿನವೂ ದುಬಾರಿ, ಇರುವ ಜಾಗಗಳು ಕರಾವಳಿಯ ವಿಶ್ವವಿದ್ಯಾಲಯಗಳಿಗೇ ತುಂಬಿಹೋಗುತ್ತವೆ. ಅದಕ್ಕೆ ನಮ್ಮ ಕಡೆಯ ಕಾಲೇಜುಗಳು ಅರ್ಜಿಯನ್ನೇ ಹಾಕುವುದಿಲ್ಲ ಎಂಬುದೂ ಒಂದು ಕಾರಣ. ನಾನೂ ಹನ್ನೊಂದು ವರ್ಷ ಹಾಕಿರಲಿಲ್ಲ.

ಎಂಟನೆಯ ದಿನ: ಮತ್ತೆ ಹಿನ್ನೀರು

ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಬಾಗಲಕೋಟೆಯಲ್ಲಿ ಇಳಿದವರು ಮನೆಗೆ ಹೋಗಿ ಮಲಗುತ್ತಾರೆಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ಬೀಳಗಿಯ ಹುಡುಗಿ, ಮುಧೋಳದವನು, ಅಂಬಿಗರ ಹುಡುಗ ಮೂವರೂ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಆಲಮಟ್ಟಿಯ ತಳದ ನೀರು ಯಾವ ಬಣ್ಣ ಬರುತ್ತದೆ ಎಂದು ನೋಡಬೇಕಂತೆ.

ಕಪಾಟು ತೆಗೆದು ಮ್ಯಾಂಗನೀಸ್ ಕ್ಲೋರೈಡಿನ ಡಬ್ಬಿಯ ಸೀಲು ಒಡೆದೆ. ಗುಲಾಬಿ ಬಣ್ಣದ ಹರಳುಗಳು ಹೆಂಟೆಗಟ್ಟಿದ್ದವು. ಚಮಚದಿಂದ ಕುಟ್ಟಿ ಕರಗಿಸಬೇಕಾಯಿತು. ನಿಸ್ಕಿನ್ ಬಾಟಲಿಯ ಬದಲಿಗೆ ಹುಡುಗ ಒಂದು ಪೈಪಿನ ತುಂಡಿಗೆ ಎರಡೂ ಕಡೆ ರಬ್ಬರ್ ಬಿರಡೆ, ಎಳೆದುಕಟ್ಟಲು ಸೈಕಲ್ ಟ್ಯೂಬು ಜೋಡಿಸಿ ಏನೋ ಒಂದನ್ನು ಮಾಡಿಕೊಂಡು ಬಂದಿದ್ದ. ಮೊದಲ ಸಲ ಅದು ಅರ್ಧ ದಾರಿಯಲ್ಲೇ ಮುಚ್ಚಿಕೊಂಡಿತು. ಎರಡನೆಯ ಸಲ ಮುಚ್ಚಲೇ ಇಲ್ಲ. ಮೂರನೆಯ ಸಲ ಹರಿಗೋಲಿನ ಅಂಚಿಗೆ ಬಂದಾಗ ಒಳಗೆ ತುಂಬ ನೀರಿತ್ತು.

ಹುಡುಗಿ ಮೊಣಕಾಲೂರಿ ಕೂತಳು. ಹರಿಗೋಲಿನ ಮುದುಕ ಹುಟ್ಟು ಹಾಕುವುದನ್ನು ನಿಲ್ಲಿಸಿ, ಅವಳ ಕೈಯಲ್ಲಿದ್ದ ಗಾಜಿನ ಬಾಟಲಿಯನ್ನು ನೋಡುತ್ತ, ಅದರಲ್ಲಿ ಏನು ಹುಡುಕುತ್ತೀಯವ್ವಾ ಎಂದು ಕೇಳಿದ. ಅವಳು ಬಾಟಲಿಯನ್ನು ಬಿಸಿಲಿಗೆ ಹಿಡಿದು, ಕೊರಳಿನ ಸುತ್ತ ಒಮ್ಮೆ ಪೂರ್ತಿ ತಿರುಗಿಸಿ ನೋಡಿದಳು.

“ಗುಳ್ಳಿ ಇಲ್ಲ ಯಜ್ಜಾ,” ಎಂದು ಪೆನ್ನು ತೆಗೆದುಕೊಂಡಳು.